ಎಡಚಿಗೆ ಸಿಕ್ಕ ಪಿಸ್ತೂಲು

"ಬಲಗೈ ಹೆಬ್ಬೆಟ್ಟು" ಎಂದ ಅಂಗಡಿಯವನು. ನಾನು ಎಡಗೈ ಚಾಚಿಬಿಟ್ಟಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ ಪಿಸ್ತೂಲು ಕೊಳ್ಳುವಾಗ ಬಲ ಹೆಬ್ಬೆಟ್ಟಿನ ಗುರುತು ಕೊಡಬೇಕು. ಕೊಟ್ಟೆ. ಕೊಡುವಾಗ ನಗು ಬಂತು. ಕೊಪ್ಪದ ಹತ್ತಿರದ ನಮ್ಮೂರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಿಗಿಂತ "ಎಡಚಿ" ಎಂದು ಕರೆದವರೇ ಹೆಚ್ಚು. ಊಟಕ್ಕೆ ಕೂತರೆ ಅಜ್ಜಿ ನನ್ನ ಎಡಗೈಯನ್ನು ಲಂಗದಡಿ ಅಡಗಿಸಿ ಕೂರಿಸುತ್ತಿದ್ದರು. ಪ್ರಸಾದ, ಕುಂಕುಮ, ದುಡ್ಡು, ಯಾವುದನ್ನೂ ಎಡಗೈಯಲ್ಲಿ ಕೊಡುವಂತಿಲ್ಲ, ತಗೊಳ್ಳುವಂತಿಲ್ಲ. ಹುಲ್ಲು ಕೊಯ್ಯುವ ಕತ್ತಿಯ ಹಲ್ಲು ಕೂಡ ಬಲಗೈಯವರಿಗೇ ಹೊಂದುತ್ತಿತ್ತು. ಮನೆಯಲ್ಲಿ ಯಾವ ಕೈ ಎಂದು ಕೇಳದಿದ್ದ ವಸ್ತು ಒಂದೇ: ಅಪ್ಪನ ಜೋಡು ನಳಿಗೆ ಕೋವಿ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಟ್ಟಿದ್ದ 12 ಬೋರಿನ ಕೋವಿ. ತೋಟಕ್ಕೆ ಮಂಗ ಬಂದರೆ, ಗದ್ದೆಗೆ ಹಂದಿ ನುಗ್ಗಿದರೆ ಅಪ್ಪ ಅದನ್ನು ಹಿಡಿದು ಹೋಗಿ ಒಂದು ಈಡು ಮೇಲಕ್ಕೆ ಹೊಡೆದು ಬರುತ್ತಿದ್ದರು. ನನಗೆ ತೋಟಾ ತೆಗೆದ ಕೋವಿ ಕೊಟ್ಟು "ನಿಂಗೆ ಯಾವ ಭುಜಕ್ಕೆ ಸರಿ ಬರತ್ತೋ ಆ ಭುಜಕ್ಕೆ ಇಟ್ಕೋ" ಎಂದಿದ್ದರು. ಎಡಭುಜಕ್ಕೆ ಇಟ್ಟುಕೊಂಡಿದ್ದೆ. ಅಜ್ಜಿ ಒಳಗಿಂದ ಏನೋ ಬೈದಿದ್ದು ನೆನಪು.

ಈಗಿನ ಕಥೆ 2021ರ ಏಪ್ರಿಲ್‌ನದು. ನಾವಿರುವುದು ಸ್ಯಾಕ್ರಮೆಂಟೊ ಪಕ್ಕದ ಫೋಲ್ಸಮ್‌ನಲ್ಲಿ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಆಫೀಸಿನ ನಾಲ್ಕೈದು ಜನ ಶನಿವಾರ ಬೆಳಿಗ್ಗೆ ಹೋಗುವ ಶೂಟಿಂಗ್ ರೇಂಜಿಗೆ ನಾನೂ ಹೋಗತೊಡಗಿದ್ದೆ. ಹೆದರಿಕೆಗೆ ಕೊಂಡದ್ದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಗದದ ಗುರಿಗೆ ಹೊಡೆದು, ರಂಧ್ರಗಳ ನಡುವಿನ ಅಂತರ ಅಳೆದು, ಮನೆಗೆ ಬಂದು ಸ್ನಾನ ಮಾಡಿ ಉಪ್ಪಿಟ್ಟು ತಿನ್ನುವುದು, ಅಷ್ಟೇ. ನಮ್ಮ ಮನೆಯವರು ದಾವಣಗೆರೆಯವರು. "ನಾವಿಲ್ಲಿಗೆ ಬಂದಿದ್ದು ಕೆಲಸಕ್ಕೆ ಕಣೇ, ಯುದ್ಧಕ್ಕಲ್ಲ" ಎಂದು ಒಂದು ವಾರ ಮಾತು ಬಿಟ್ಟಿದ್ದರು. ಮಗಳಿದ್ದಾಳೆ ಮನೆಯಲ್ಲಿ ಎನ್ನುವುದು ಅವರ ನಿಜವಾದ ಅಳಲು. ಅದು ಸರಿಯಾದ ಅಳಲೇ. ಉಕ್ಕಿನ ಪೆಟ್ಟಿಗೆ ಮೊದಲು ತಂದು ಗೋಡೆಗೆ ಬೋಲ್ಟ್ ಹಾಕಿಸಿದ ಮೇಲೆ ಮಾತು ಶುರುವಾಯಿತು.

ನನಗೆ ಬೇಕಾಗಿದ್ದ ಪಿಸ್ತೂಲು ಯಾವುದೆಂದು ನಿರ್ಧಾರವಾಗಿತ್ತು. ಅರಿಝೋನಾದಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬನ, ಗ್ಲಾಕ್ ಕಂಪನಿಯ 19 ಎಂಬ ಮಾದರಿಯ ಐದನೇ ತಲೆಮಾರಿನದನ್ನು ರೇಂಜಿನಲ್ಲಿ ಅವನ ಎದುರೇ ಹೊಡೆದು ನೋಡಿದ್ದೆ. ಸ್ಲೈಡನ್ನು, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗವನ್ನು, ಹಿಂದೆ ಹಿಡಿದಿಡುವ ಸಣ್ಣ ಲಿವರ್ ಎರಡೂ ಪಕ್ಕ ಇದೆ. ಮ್ಯಾಗಝೀನನ್ನು, ಅಂದರೆ ತೋಟಾ ತುಂಬುವ ಡಬ್ಬಿಯನ್ನು, ಬಿಡಿಸುವ ಗುಂಡಿಯನ್ನು ಎಡದಿಂದ ಬಲಕ್ಕೆ ಬದಲಾಯಿಸಿಕೊಳ್ಳಬಹುದು. ಹಿಡಿಕೆಯ ಬೆನ್ನನ್ನು ಕೈ ಅಳತೆಗೆ ತಕ್ಕಂತೆ ದಪ್ಪ ತೆಳ್ಳಗೆ ಮಾಡಿಕೊಳ್ಳಬಹುದು. ನನ್ನ ಕೈ ಸಣ್ಣದು, ಮೇಲಾಗಿ ಎಡಚಿ. ನಲವತ್ತು ವರ್ಷದಲ್ಲಿ ಮೊದಲ ಸಲ ಒಂದು ಯಂತ್ರ ನನ್ನ ಕೈ ನೋಡಿ ಮಾಡಿದಂತಿತ್ತು.

ಅಂಗಡಿಯಲ್ಲಿ ಅದನ್ನು ಕೇಳಿದೆ. ಅವನು ಗಾಜಿನ ಪೆಟ್ಟಿಗೆಯಿಂದ ಮೂರನೇ ತಲೆಮಾರಿನದನ್ನು ತೆಗೆದು ಬಟ್ಟೆಯ ಮೇಲಿಟ್ಟ.

"ಇದಲ್ಲ, ಐದನೆಯದು."

"ಅದು ಪಟ್ಟಿಯಲ್ಲಿಲ್ಲ. ನೀವು ಪೊಲೀಸಾ?"

"ಅಲ್ಲ."

"ಹಾಗಾದರೆ ಇದು."

ಮೂರನೇ ತಲೆಮಾರು ಎಂದರೆ 1990ರ ದಶಕದ ವಿನ್ಯಾಸ. ಕಂಪನಿ 2010ರಲ್ಲಿ ನಾಲ್ಕನೆಯದನ್ನು, 2017ರಲ್ಲಿ ಐದನೆಯದನ್ನು ತಂದಿತು. ಲೋಕವೆಲ್ಲ ಮುಂದೆ ಹೋದರೂ ಈ ರಾಜ್ಯದ ಸಾಮಾನ್ಯ ಗಿರಾಕಿಗೆ ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಹೊಸ ಗ್ಲಾಕ್ ಮಾತ್ರ ಆ ಹಳೆಯ ವಿನ್ಯಾಸದ್ದೇ. ಹಿಡಿಕೆಯಲ್ಲಿ ಬೆರಳಿಗೆಂದು ಅಚ್ಚು ಹಾಕಿದ ತಗ್ಗುಗಳು, ಅವು ಯಾರದೋ ದೊಡ್ಡ ಬೆರಳಿನ ಅಳತೆಗೆ. ಎಲ್ಲ ಗುಂಡಿಗಳೂ ಎಡಪಕ್ಕದಲ್ಲಿ, ಅಂದರೆ ಬಲಗೈಯವರ ಹೆಬ್ಬೆರಳಿಗೆ.

ಈ ಪಟ್ಟಿಗೆ ಇಲ್ಲಿನವರ ಬಾಯಲ್ಲಿ ರೋಸ್ಟರ್ ಎಂದು ಹೆಸರು. ರಾಜ್ಯದ ನ್ಯಾಯ ಇಲಾಖೆ ಇಟ್ಟುಕೊಂಡಿರುವ, ಅಂಗಡಿಯವರು ಮಾರಬಹುದಾದ ಕೈಬಂದೂಕುಗಳ ಪಟ್ಟಿ. ಅದರಲ್ಲಿ ಇಲ್ಲದ್ದೆಲ್ಲ ಕಾನೂನಿನ ಭಾಷೆಯಲ್ಲಿ "ಅಸುರಕ್ಷಿತ". ಇಂಥ ಪಟ್ಟಿ ಮ್ಯಾಸಚೂಸೆಟ್ಸ್‌ನಲ್ಲೂ ಇದೆ, ಮೇರಿಲ್ಯಾಂಡ್‌ನಲ್ಲೂ ಇದೆ. ಮೇರಿಲ್ಯಾಂಡಿನದು 1988ರಲ್ಲೇ ಬಂದದ್ದು, ಅದೇ ವರ್ಷ ಜನಮತಕ್ಕೆ ಹೋಗಿ ಗೆದ್ದದ್ದು. ಆದರೆ ಕ್ಯಾಲಿಫೋರ್ನಿಯಾದ ಪಟ್ಟಿಯ ಗಂಟುಗಳೇ ಬೇರೆ.

ಮನೆಗೆ ಬಂದು ಆ ಕಾನೂನನ್ನು ಓದಿದೆ. ಓದಿದ್ದು ಸಿಟ್ಟಿನಿಂದ. ಆದರೆ ಮೊದಲ ಪುಟಗಳಲ್ಲೇ ಸಿಟ್ಟು ಇಳಿಯಿತು, ಯಾಕೆಂದರೆ ನನ್ನ ಹೊಟ್ಟೆಪಾಡೇ ವಸ್ತುಗಳನ್ನು ಬೀಳಿಸುವುದು. ಒಂದು ಕಂಪನಿಯ ಲ್ಯಾಬಿನಲ್ಲಿ ಕೈಯಲ್ಲಿ ಹಿಡಿಯುವ ಯಂತ್ರಗಳನ್ನು ಬೀಳಿಸಿ, ಅಲುಗಿಸಿ, ಬೇಯಿಸಿ, ಎಲ್ಲಿ ಒಡೆಯುತ್ತವೆ ಎಂದು ನೋಡುವುದು ನನ್ನ ಕೆಲಸ. ಸೈನ್ಯದ ಮಾನದಂಡವೊಂದಿದೆ: 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸಬೇಕು, 6 ಮುಖ, 8 ಮೂಲೆ, 12 ಅಂಚು. ಬಿದ್ದದ್ದು ಬದುಕಬೇಕು. ಅಷ್ಟು ವರ್ಷ ಬೀಳಿಸಿದ ಮೇಲೆ ಬೀಳುವ ಸದ್ದಿನಿಂದಲೇ ಒಳಗೆ ಏನು ಮುರಿಯಿತೆಂದು ಒಂದು ಅಂದಾಜು ಹತ್ತುತ್ತದೆ.

ಈ ಕಾನೂನಿನ ಬುಡದಲ್ಲೂ ಅಂಥದೇ ಪರೀಕ್ಷೆಯಿದೆ. 1980, 90ರ ದಶಕಗಳಲ್ಲಿ ಲಾಸ್ ಏಂಜಲಿಸ್ ಸುತ್ತಮುತ್ತಲಿನ ಕೆಲವು ಕಾರ್ಖಾನೆಗಳು ಸತುವಿನ ಮಿಶ್ರಲೋಹ ಎರಕ ಹೊಯ್ದು ಅಗ್ಗದ ಪುಟ್ಟ ಪಿಸ್ತೂಲುಗಳನ್ನು ಲಕ್ಷಗಟ್ಟಲೆ ಮಾಡುತ್ತಿದ್ದವು. ಆ ಕಾರ್ಖಾನೆಗಳ ಗುಂಪಿಗೆ "ರಿಂಗ್ ಆಫ್ ಫೈರ್" ಎಂದೇ ಅಡ್ಡಹೆಸರು. ಕೈಜಾರಿ ಬಿದ್ದರೆ ಸಿಡಿಯುವ, ಎರಡನೇ ಗುಂಡಿಗೆ ಸಿಕ್ಕಿಕೊಳ್ಳುವ ಮಾಲು ಅದರಲ್ಲಿ ಸಾಕಷ್ಟಿತ್ತು. ಅದನ್ನು ತಡೆಯಲು 1999ರಲ್ಲಿ ಆಗಿನ ಗವರ್ನರ್ ಗ್ರೇ ಡೇವಿಸ್ ಸಹಿ ಹಾಕಿದ ಕಾನೂನು 2001ರ ಜನವರಿ 1ರಿಂದ ಜಾರಿಗೆ ಬಂತು. ಒಂದು ಮಾದರಿಯ ಮೂರು ಪಿಸ್ತೂಲುಗಳನ್ನು ಸ್ವತಂತ್ರ ಲ್ಯಾಬಿಗೆ ಕಳಿಸಬೇಕು. ಪ್ರತಿಯೊಂದರಲ್ಲೂ 600 ಗುಂಡು ಹಾರಿಸುತ್ತಾರೆ. ಮೊದಲ 20ರಲ್ಲಿ ಒಂದೂ ಸಿಕ್ಕಿಕೊಳ್ಳುವಂತಿಲ್ಲ, ಒಟ್ಟು 600ರಲ್ಲಿ ಆರಕ್ಕಿಂತ ಹೆಚ್ಚು ಸಿಕ್ಕಿಕೊಳ್ಳುವಂತಿಲ್ಲ, ಎಲ್ಲೂ ಬಿರುಕು ಬಿಡುವಂತಿಲ್ಲ. ಆಮೇಲೆ ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಚಪ್ಪಡಿಯ ಮೇಲೆ ಆರು ಭಂಗಿಯಲ್ಲಿ ಬೀಳಿಸುತ್ತಾರೆ: ನೇರ, ತಲೆಕೆಳಗೆ, ಹಿಡಿಕೆ ಕೆಳಗಾಗಿ, ಮೂತಿ ಕೆಳಗಾಗಿ, ಮಗ್ಗುಲಿಗೆ, ಬೆನ್ನಿಗೆ. ಒಳಗೆ ಗುಂಡಿಲ್ಲದ, ಬರೀ ಕೇಪು ಇರುವ ತೋಟಾ. ಆ ಕೇಪು ಸಿಡಿಯಕೂಡದು.

ಇದನ್ನು ಬರೆದವರು ಯಾರೋ ನಮ್ಮವರೇ ಅನಿಸಿತು. ಇದಕ್ಕೆ ನನ್ನ ಪೂರ್ತಿ ಓಟು. ಮಕ್ಕಳ ಕೈಗೆ ಕೊಡುವ ಆಟಿಕೆಗೂ ಇಂಥ ಪರೀಕ್ಷೆ ಇರುವಾಗ ಪಿಸ್ತೂಲಿಗೆ ಯಾಕೆ ಬೇಡ?

ನಮ್ಮೂರ ಕೇಪಿನ ಕೋವಿಗಳನ್ನು ಈ ಪರೀಕ್ಷೆಗೆ ಕೂರಿಸಿದರೆ ಏನಾಗಬಹುದು ಎಂದು ಒಂದು ಕ್ಷಣ ಯೋಚಿಸಿ, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಮುಂದಿನ ಪುಟಗಳಲ್ಲಿ ವಿಷಯ ಬೇರೆ ದಾರಿ ಹಿಡಿಯುತ್ತದೆ. 2003ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 2007ರಿಂದ ಪಟ್ಟಿಗೆ ಸೇರುವ ಹೊಸ ಸೆಮಿ ಆಟೋಮ್ಯಾಟಿಕ್ (ಒಂದು ಹಾರಿದ ಕೂಡಲೇ ಮುಂದಿನ ತೋಟಾ ತಾನೇ ಬಂದು ಕೂರುವ) ಪಿಸ್ತೂಲುಗಳಿಗೆ ಎರಡು ಅಂಗ ಕಡ್ಡಾಯ. ಒಂದು, ಗುಂಡಿನಮನೆಯಲ್ಲಿ ತೋಟಾ ಇದೆಯೇ ಇಲ್ಲವೇ ಎಂದು ನೋಡಿದವರಿಗೆಲ್ಲ ತಿಳಿಯುವ ಸೂಚಕ. ಇನ್ನೊಂದು, ಮ್ಯಾಗಝೀನ್ ತೆಗೆದಿದ್ದರೆ ಕುದುರೆ ಎಳೆದರೂ ಗುಂಡು ಹಾರದಂಥ ತಡೆ. ಇದರ ಹಿಂದಿರುವ ಯೋಚನೆಯೂ ಹುರುಳಿಲ್ಲದ್ದಲ್ಲ. ಮ್ಯಾಗಝೀನ್ ಕಳಚಿದರೆ ಪಿಸ್ತೂಲು ಖಾಲಿ ಎಂದು ಹುಡುಗರು ನಂಬುತ್ತಾರೆ, ಒಳಗೆ ಒಂದು ಉಳಿದಿರುತ್ತದೆ. ಆ ಒಂದು ಗುಂಡಿಗೆ ಸತ್ತ ಮಕ್ಕಳಿದ್ದಾರೆ.

ಆದರೆ 2007ಕ್ಕೆ ಮೊದಲೇ ಪಟ್ಟಿಯಲ್ಲಿದ್ದವಕ್ಕೆ ಈ ಎರಡೂ ಬೇಡ. ಕಂಪನಿ ವರ್ಷಕ್ಕೆ 200 ಡಾಲರ್ ಶುಲ್ಕ ಕಟ್ಟುತ್ತಿದ್ದರೆ ಸಾಕು, ಹಳೆಯದು ಪಟ್ಟಿಯಲ್ಲಿ ಉಳಿಯುತ್ತದೆ. ನನಗೆ ಅಂಗಡಿಯವನು ತೋರಿಸಿದ ಮೂರನೇ ತಲೆಮಾರಿನ ಗ್ಲಾಕ್ ಹೀಗೆ ಉಳಿದದ್ದು. ಅದರಲ್ಲಿ ಕಾನೂನು ಕೇಳುವಂಥ ಸೂಚಕವೂ ಇಲ್ಲ, ತಡೆಯೂ ಇಲ್ಲ. ಐದನೆಯದರಲ್ಲೂ ಇಲ್ಲ. ಅಂದರೆ ಸುರಕ್ಷತೆಯ ಲೆಕ್ಕದಲ್ಲಿ ಎರಡೂ ಸಮ. ಒಂದು "ಸುರಕ್ಷಿತ", ಮೊದಲೇ ಬಂದು ಸಾಲಿನಲ್ಲಿ ನಿಂತದ್ದಕ್ಕೆ. ಇನ್ನೊಂದು "ಅಸುರಕ್ಷಿತ", ತಡವಾಗಿ ಹುಟ್ಟಿದ್ದಕ್ಕೆ.

ಆಮೇಲೆ ಬಂದದ್ದು ಮೈಕ್ರೋಸ್ಟ್ಯಾಂಪಿಂಗ್. 2007ರಲ್ಲಿ ಶ್ವಾರ್ಜ್‌ನೆಗರ್ ಗವರ್ನರ್ ಆಗಿದ್ದಾಗ ಸಹಿಯಾದ ಕಾನೂನು. ಸಿನಿಮಾದಲ್ಲಿ ಅಷ್ಟೊಂದು ಬಂದೂಕು ಹಿಡಿದವರು ಇದಕ್ಕೆ ಸಹಿ ಹಾಕಿದರು ಎಂದು ನಮ್ಮ ಮನೆಯವರಿಗೆ ಇವತ್ತಿಗೂ ತಮಾಷೆ. ಪಿಸ್ತೂಲಿನ ಒಳಗಿನ ಸೂಜಿಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಕೆತ್ತಿರಬೇಕು. ಹೊಡೆದಾಗಲೆಲ್ಲ ಅದು ತೋಟಾದ ಚಿಪ್ಪಿನ ಮೇಲೆ ಅಚ್ಚಾಗಬೇಕು. ಅಪರಾಧದ ಜಾಗದಲ್ಲಿ ಬಿದ್ದ ಚಿಪ್ಪಿನಿಂದ ಪಿಸ್ತೂಲು ಯಾರದೆಂದು ಪತ್ತೆ ಹಚ್ಚಬಹುದು ಎನ್ನುವುದು ಆಸೆ. ಪೇಟೆಂಟ್‌ನ ತೊಡಕು ಮುಗಿದು ತಂತ್ರಜ್ಞಾನ ಎಲ್ಲರಿಗೂ ಸಿಗುತ್ತದೆ ಎಂದು ಪ್ರಮಾಣೀಕರಿಸಿದಾಗ ಜಾರಿಗೆ ಬರಬೇಕೆಂದಿತ್ತು. 2013ರ ಮೇ ತಿಂಗಳಲ್ಲಿ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಕಮಲಾ ಹ್ಯಾರಿಸ್ ಹಾಗೆ ಪ್ರಮಾಣೀಕರಿಸಿದರು.

ಆವತ್ತಿನಿಂದ ಬಾಗಿಲು ಮುಚ್ಚಿತು. ಮೈಕ್ರೋಸ್ಟ್ಯಾಂಪಿಂಗ್ ಇರುವ ಪಿಸ್ತೂಲನ್ನು ಯಾವ ಕಂಪನಿಯೂ ಮಾರುಕಟ್ಟೆಗೆ ತರಲಿಲ್ಲ. ಮರುವರ್ಷ, 2014ರ ಜನವರಿಯಲ್ಲಿ ರೂಗರ್, ಸ್ಮಿತ್ ಅಂಡ್ ವೆಸ್ಸನ್ ಕಂಪನಿಗಳೆರಡೂ ಈ ನಿಯಮಕ್ಕೆ ತಕ್ಕಂತೆ ಮಾಡುವುದಿಲ್ಲ ಎಂದು ಹೇಳಿದವು. 2013ರಿಂದ 2023ರವರೆಗೆ ಹತ್ತು ವರ್ಷ ಒಂದೇ ಒಂದು ಹೊಸ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಪಟ್ಟಿಗೆ ಸೇರಲಿಲ್ಲ. ಹಳೆಯವು ಮಾತ್ರ ಒಂದೊಂದಾಗಿ ಉದುರುತ್ತಾ ಬಂದವು. ಸಾಲದ್ದಕ್ಕೆ 2020ರಲ್ಲಿ ಇನ್ನೊಂದು ಕಾನೂನು: ಹೊಸದೊಂದು ಸೇರಿದರೆ ಆ ಅಂಗಗಳಿಲ್ಲದ ಹಳೆಯ ಮೂರನ್ನು ತೆಗೆಯಬೇಕು.

ಪರೀಕ್ಷೆ ಮಾಡುವವಳಾಗಿ ನನಗೆ ನುಂಗಲಾಗದ್ದು ಇದು. ನಮ್ಮ ಲ್ಯಾಬಿನಲ್ಲಿ ಯಾರೂ ಪಾಸಾಗದ ಪರೀಕ್ಷೆಯನ್ನು ಒಂದು ವಾರ ನಡೆಸಿದರೆ ಮ್ಯಾನೇಜರ್ ಬಂದು "ನಿನ್ನ ಯಂತ್ರ ಕೆಟ್ಟಿದೆಯಾ ನೋಡು" ಎನ್ನುತ್ತಾರೆ. ಇಲ್ಲಿ ಹತ್ತು ವರ್ಷ ನಡೆಯಿತು. ಬಂದೂಕು ಕಡಿಮೆಯಾಗಬೇಕು ಎನ್ನುವವರು ಹಾಗೆಂದೇ ಹೇಳಿ ಕಾನೂನು ತರಲಿ, ವಾದ ಮಾಡೋಣ. ಸುರಕ್ಷತೆಯ ಪರೀಕ್ಷೆ ಎಂದು ಬೋರ್ಡು ಹಾಕಿ ಒಳಗೆ ಯಾರನ್ನೂ ಬಿಡದಿದ್ದರೆ ಬೋರ್ಡಿನ ಮಾತನ್ನು ಮುಂದೆ ಯಾರೂ ನಂಬುವುದಿಲ್ಲ. ಒಂದು ಮೀಟರಿನ ಆ ಒಳ್ಳೆಯ ಪರೀಕ್ಷೆಯೂ ಅದರ ಜೊತೆ ಹೆಸರು ಕೆಡಿಸಿಕೊಳ್ಳುತ್ತದೆ.

ಅರಿಝೋನಾದ ಸಹೋದ್ಯೋಗಿ ಅದೇ ಐದನೇ ತಲೆಮಾರಿನದನ್ನು ಇಟ್ಟುಕೊಂಡಿರುವುದು ಹೇಗೆ ಎಂದು ನೀವು ಕೇಳಬಹುದು. ಅವನು ಅದನ್ನು ಇಲ್ಲಿಗೆ ವಲಸೆ ಬರುವಾಗ ತಂದದ್ದು. ಬಂದು 60 ದಿನದೊಳಗೆ ರಾಜ್ಯಕ್ಕೆ ವರದಿ ಕೊಟ್ಟರೆ ಆಯಿತು. 15 ಗುಂಡಿನ ಮ್ಯಾಗಝೀನ್ ಬಿಟ್ಟು 10ರದು ತಂದ, ಅಷ್ಟೇ. ಪೊಲೀಸರಿಗೆ ಪಟ್ಟಿ ಅನ್ವಯಿಸುವುದೇ ಇಲ್ಲ. ಅಪ್ಪ ಮಗಳಿಗೆ, ಅಜ್ಜ ಮೊಮ್ಮಗನಿಗೆ ಕೊಡುವುದಕ್ಕೂ ಇಲ್ಲ. ಇಬ್ಬರು ಖಾಸಗಿ ವ್ಯಕ್ತಿಗಳು ಅಂಗಡಿಯವನ ಮೂಲಕ ಕಾಗದ ಪತ್ರ ಮಾಡಿಸಿಕೊಂಡು ಸೆಕೆಂಡ್ ಹ್ಯಾಂಡ್ ಮಾರಿಕೊಳ್ಳುವುದಕ್ಕೂ ಇಲ್ಲ. ಅದೇ ಅಂಗಡಿಯ ಇನ್ನೊಂದು ಮೂಲೆಯ ಗಾಜಿನಲ್ಲಿ ನನಗೆ ಬೇಕಾದ ಮಾಲು ಇತ್ತು! ಯಾರೋ ಮಾರಾಟಕ್ಕೆ ಬಿಟ್ಟುಹೋದದ್ದು. ಬೇರೆ ರಾಜ್ಯದಲ್ಲಿ ಹೊಸದಕ್ಕೆ 550 ಡಾಲರ್ ಆಸುಪಾಸು ಇದ್ದದ್ದಕ್ಕೆ ಇಲ್ಲಿ ಬಳಸಿದ್ದಕ್ಕೆ 1,250. ಎರಡು ಗಂಟೆ ಕಾರು ಓಡಿಸಿದರೆ ನೆವಾಡಾದ ರೀನೊ ಸಿಗುತ್ತದೆ, ಅಲ್ಲಿ ಅಂಗಡಿ ತುಂಬ ಇವೆ. ಆದರೆ ಬೇರೆ ರಾಜ್ಯದವರಿಗೆ ಕೈಬಂದೂಕನ್ನು ಅಲ್ಲೇ ಕೈಗೆ ಕೊಟ್ಟು ಕಳಿಸುವುದನ್ನು ಕೇಂದ್ರದ ಕಾನೂನು ಒಪ್ಪುವುದಿಲ್ಲ.

ಪೊಲೀಸರಿಗೆ ಮಾತ್ರ ಹೊಸದು ಸಿಗುವುದು, ಅವರು ಅದನ್ನು ಮಾರಬಹುದು ಎಂದಾದ ಮೇಲೆ ಏನಾಗಬೇಕೋ ಅದೇ ಆಯಿತು. ಕೊಂಡು ಮಾರುವುದನ್ನೇ ದಂಧೆ ಮಾಡಿಕೊಂಡು ಲೈಸೆನ್ಸ್ ಇಲ್ಲದ ವ್ಯಾಪಾರದ ಕೇಸು ಹಾಕಿಸಿಕೊಂಡ ಪೊಲೀಸರೂ ಈ ರಾಜ್ಯದಲ್ಲಿ ಇದ್ದಾರೆ.

ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪನಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. "ಇದರಲ್ಲಿ ಎಂತ ಹೊಸತು ಮಾರಾಯ್ತಿ? ನಮ್ಮಲ್ಲಿ ವೆಬ್ಲಿ ಕಥೆ ಗೊತ್ತಿಲ್ವಾ?" ಎಂದರು. ಗೊತ್ತಿತ್ತು, ಮರೆತಿದ್ದೆ. ನಮ್ಮ ಕಡೆಯ ಕಾಫಿ ತೋಟದ ಸಾಹುಕಾರರೊಬ್ಬರ ಹತ್ತಿರ ಇಂಗ್ಲೆಂಡಿನ ಹಳೆಯ ವೆಬ್ಲಿ ರಿವಾಲ್ವರ್ ಇತ್ತು. ಭಾರತ 1980ರ ದಶಕದಲ್ಲಿ ಕೈಬಂದೂಕುಗಳ ಆಮದು ನಿಲ್ಲಿಸಿತು. ಆಮೇಲೆ ಲೈಸೆನ್ಸ್ ಇದ್ದವರಿಗೂ ಹೊಸದೆಂದರೆ ಬಹುಕಾಲ ಸರ್ಕಾರಿ ಕಾರ್ಖಾನೆಗಳ .32 ಬೋರಿನದೇ ಗತಿ. 9 ಮಿಲಿಮೀಟರ್ ನಿಷೇಧಿತ ಬೋರು, ಸಾಮಾನ್ಯರಿಗೆ ಇಲ್ಲ. ಹಾಗಾಗಿ ಐವತ್ತು ವರ್ಷ ಹಳೆಯ, ಎಣ್ಣೆ ಕಾಣದ, ಹಿಡಿಕೆ ಸವೆದ ಪರದೇಶದ ರಿವಾಲ್ವರುಗಳಿಗೆ ಕಾರಿನ ಬೆಲೆ ಬಂತು. ಸಾಹುಕಾರರು ಅದನ್ನು ಹೊಡೆದದ್ದನ್ನು ಯಾರೂ ನೋಡಿಲ್ಲ. ಕೇಳಿದವರಿಗೆಲ್ಲ ಬೆಲೆ ಹೇಳಿದ್ದನ್ನು ಊರೆಲ್ಲ ಕೇಳಿದೆ.

ಒಂದು ವ್ಯತ್ಯಾಸ ಮಾತ್ರ ಅಪ್ಪನಿಗೆ ವಿಚಿತ್ರವಾಗಿ ಕಂಡದ್ದು. ಊರಿನಲ್ಲಿ ಸರ್ಕಾರ ಮೊದಲು ನೋಡುವುದು ಮನುಷ್ಯನನ್ನು. ಡಿಸಿ ಆಫೀಸು, ಠಾಣೆಯ ವರದಿ, ತೋಟದ ಪಹಣಿ, ನವೀಕರಣಕ್ಕೆ ಮತ್ತೆ ಓಡಾಟ. ಚುನಾವಣೆ ಘೋಷಣೆಯಾಯಿತೆಂದರೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಯಲ್ಲಿ ಜಮಾ ಮಾಡಿ ರಸೀದಿ ತರಬೇಕು. ಹಂದಿಗಳಿಗೆ ನೀತಿಸಂಹಿತೆ ಗೊತ್ತಿಲ್ಲ ಎಂದು ಅಪ್ಪ ಪ್ರತಿ ಚುನಾವಣೆಗೂ ಹೇಳುತ್ತಾರೆ. ಆದರೆ ಒಮ್ಮೆ ಲೈಸೆನ್ಸ್ ಸಿಕ್ಕ ಮೇಲೆ ಯಾವ ಕಂಪನಿಯ ಕೋವಿ, ಯಾವ ವರ್ಷದ ಮಾದರಿ ಎಂದು ಯಾರೂ ಪಟ್ಟಿ ಹಿಡಿದು ಕೇಳಲಿಲ್ಲ. ಇಲ್ಲಿ ಮನುಷ್ಯರನ್ನು ನೋಡುವುದು ಬೇಗ ಮುಗಿಯುತ್ತದೆ: 30 ಪ್ರಶ್ನೆಯ ಲಿಖಿತ ಪರೀಕ್ಷೆಯಲ್ಲಿ 23 ಸರಿ, 25 ಡಾಲರ್, ಹಿನ್ನೆಲೆ ತಪಾಸಣೆ, 10 ದಿನ ಕಾಯುವಿಕೆ. ಯಂತ್ರದ ಮೇಲೇ ಅವರ ಕಣ್ಣು. "ಅಲ್ಲಿ ಕೋವಿಗೇ ಜಾತಕ ನೋಡ್ತಾರಾ ಹಾಗಾದ್ರೆ?" ಎಂದು ಅಪ್ಪ ನಕ್ಕರು.

ರಿವಾಲ್ವರ್ ಕೊಳ್ಳಬಹುದಿತ್ತಲ್ಲ ಎಂದು ಅಂಗಡಿಯವನೂ ಹೇಳಿದ. ರಿವಾಲ್ವರುಗಳಿಗೆ ಆ ಸೂಚಕ, ತಡೆ, ಮೈಕ್ರೋಸ್ಟ್ಯಾಂಪಿಂಗ್ ಯಾವುದೂ ಬೇಕಿಲ್ಲ, ಬೀಳಿಸುವ, ಹಾರಿಸುವ ಪರೀಕ್ಷೆ ಪಾಸಾದರೆ ಹೊಸವು ಸೇರುತ್ತಲೇ ಇರುತ್ತವೆ. ಕೈಗೆ ತೆಗೆದುಕೊಂಡು ನೋಡಿದೆ. ಸಿಲಿಂಡರ್ ಬಿಡಿಸುವ ಗುಂಡಿ ಎಡಪಕ್ಕದಲ್ಲಿ, ಬಲಗೈ ಹೆಬ್ಬೆರಳಿಗೆ. ಸಿಲಿಂಡರ್ ತೆರೆಯುವುದೂ ಎಡಕ್ಕೆ. ನನ್ನ ಮುಖ ನೋಡಿ ಅವನೇ ವಾಪಸ್ ಇಟ್ಟ.

ಆಮೇಲೆ ಗೊತ್ತಾಯಿತು, ಈ ಕೈಯ ಜಗಳವನ್ನು ನನಗಿಂತ ಮೊದಲೇ ಕೋರ್ಟಿಗೆ ಒಯ್ದವರಿದ್ದಾರೆ ಎಂದು. ಪೆನ್ಯಾ ವಿರುದ್ಧ ಲಿಂಡ್ಲಿ ಎನ್ನುವ ಪ್ರಕರಣದ ಅರ್ಜಿದಾರರಲ್ಲಿ ಒಬ್ಬರು ಹುಟ್ಟಿನಿಂದಲೇ ಬಲ ಮೊಣಕೈಯ ಕೆಳಗೆ ಕೈ ಇಲ್ಲದವರು. ಅವರಿಗೆ ಬೇಕಿದ್ದದ್ದು ಮ್ಯಾಗಝೀನ್ ಗುಂಡಿ ಎರಡೂ ಪಕ್ಕ ಇರುವ ಗ್ಲಾಕ್ 21. ಅದೇ ಪಿಸ್ತೂಲಿನ ಬಲಗೈಯವರ ಮಾದರಿ ಪಟ್ಟಿಯಲ್ಲಿತ್ತು, ಎರಡೂ ಕೈಯದ್ದು ಇರಲಿಲ್ಲ. ಇನ್ನೊಬ್ಬ ಅರ್ಜಿದಾರರಿಗೆ ಬೇಕಿದ್ದ ಪಿಸ್ತೂಲಿನ ಕಪ್ಪು ಬಣ್ಣದ್ದು, ಹಸಿರಿನದ್ದು ಪಟ್ಟಿಯಲ್ಲಿ ಇದ್ದವು. ಎರಡು ಬಣ್ಣದ್ದು ತಡವಾಗಿ ಬಂದಿತ್ತು, ಹಾಗಾಗಿ ಇಲ್ಲ. ಓದುತ್ತಾ ನಾನು ಜೋರಾಗಿ ನಕ್ಕಿದ್ದಕ್ಕೆ ಮಗಳು ಎದ್ದು ಬಂದಳು. 2018ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು.

ಆ ಏಪ್ರಿಲ್‌ನಲ್ಲಿ ನಾನು ಮೂರನೆಯದನ್ನೇ ಕೊಂಡೆ. 1,250 ಕೊಡಲು ಮನಸ್ಸಾಗಲಿಲ್ಲ, ಅಡಿಕೆ ಬೆಳೆಗಾರರ ಮಗಳು ನಾನು. ಹತ್ತು ದಿನ ಕಳೆದು ತರಲು ಹೋದಾಗ ಅಂಗಡಿಯಲ್ಲಿ ಸುರಕ್ಷಿತವಾಗಿ ಹಿಡಿಯಲು ಬರುತ್ತದೆಂದು ಮಾಡಿ ತೋರಿಸಬೇಕು. ಮ್ಯಾಗಝೀನ್ ತೆಗೆ, ಸ್ಲೈಡ್ ಹಿಂದೆಳೆದು ಲಿವರ್ ಎತ್ತಿ ನಿಲ್ಲಿಸು, ಒಳಗೆ ಕಣ್ಣಲ್ಲೂ ಬೆರಳಲ್ಲೂ ಪರೀಕ್ಷಿಸು, ಡಮ್ಮಿ ತೋಟಾ ಹಾಕು, ತೆಗೆ. ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಸ್ಲೈಡ್ ಎಳೆದೆ. ಲಿವರ್ ಇರುವುದು ನನ್ನ ಹೆಬ್ಬೆರಳಿನ ಪಕ್ಕವಲ್ಲ, ತೋರುಬೆರಳಿನ ಪಕ್ಕ. ಎರಡು ಸಲ ಸ್ಲೈಡ್ ಜಾರಿ ಫಟ್ಟೆಂದು ಮುಂದೆ ಹೋಯಿತು. ಎರಡನೇ ಸಲ ಬಲಗೈ ಹೆಬ್ಬೆರಳಿನ ಸಂದಿನ ಚರ್ಮ ಸಿಕ್ಕಿಕೊಂಡಿತು. ಪಕ್ಕದಲ್ಲಿ ಕಾಯುತ್ತಿದ್ದ ಮುದುಕರೊಬ್ಬರು "ನಾನೂ ಎಡಚನೇ, ತೋರುಬೆರಳ ಗೆಣ್ಣಿನಿಂದ ಎತ್ತು" ಎಂದು ಹೇಳಿಕೊಟ್ಟರು. ಮೂರನೇ ಸಲ ನಿಂತಿತು. ಸುರಕ್ಷಿತ ಎಂದು ಪಟ್ಟಿಗೆ ಸೇರಿದ ಪಿಸ್ತೂಲನ್ನು ಸುರಕ್ಷಿತವಾಗಿ ಹಿಡಿಯಲು ನನಗೆ ಅರ್ಧ ಗಂಟೆ ಹಿಡಿಯಿತು, ಬೆರಳಿಗೆ ಒಂದು ಬ್ಯಾಂಡೇಜು.

ಇದನ್ನು ಬರೆಯುವಾಗ ಪ್ರಾಮಾಣಿಕವಾಗಿ ಇನ್ನೊಂದು ಮಾತು ಹೇಳಬೇಕು. ಅಭ್ಯಾಸವಾದ ಮೇಲೆ ಮ್ಯಾಗಝೀನ್ ಗುಂಡಿಯನ್ನು ತೋರುಬೆರಳಿನಿಂದ ಒತ್ತುವುದು ಹೆಬ್ಬೆರಳಿಗಿಂತ ಚುರುಕು. ಹಿಡಿತ ಸಡಿಲಿಸುವುದೇ ಬೇಡ. ರೇಂಜಿನಲ್ಲಿ ಬಲಗೈಯವರು ಪಿಸ್ತೂಲನ್ನು ಅಂಗೈಯಲ್ಲಿ ತಿರುಗಿಸಿ ಹೆಬ್ಬೆರಳು ಚಾಚುವುದರೊಳಗೆ ನನ್ನದು ಕೆಳಗೆ ಬಿದ್ದಿರುತ್ತದೆ. ಬಲಗೈ ಲೋಕದಲ್ಲಿ ಬದುಕಿದ ಎಡಚಿಗೆ ಇಂಥ ಸಣ್ಣ ಲಾಭಗಳು ಅಲ್ಲಲ್ಲಿ ಸಿಗುತ್ತವೆ. ಹಿಡಿಕೆಯ ಆ ಬೆರಳ ತಗ್ಗುಗಳಿಗೆ ಮಾತ್ರ ನಾನು ಇವತ್ತಿಗೂ ಹೊಂದಿಕೊಂಡಿಲ್ಲ.

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು ಬಂತು, ಬಂದೂಕಿನ ಕಾನೂನುಗಳನ್ನು ದೇಶದ ಚರಿತ್ರೆಯ ಅಳತೆಗೋಲಿನಿಂದ ಅಳೆಯಬೇಕೆಂದು. ಅದರ ಹಿಂದೆಯೇ 2023ರ ಮಾರ್ಚ್ 20ರಂದು ಸಾಂಟಾ ಆ್ಯನಾದ ಕೇಂದ್ರ ನ್ಯಾಯಾಧೀಶ ಕೋರ್ಮಕ್ ಕಾರ್ನಿ ಸೂಚಕ, ಮ್ಯಾಗಝೀನ್ ತಡೆ, ಮೈಕ್ರೋಸ್ಟ್ಯಾಂಪಿಂಗ್ ಮೂರರ ನಿಯಮಕ್ಕೂ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ರಾಜ್ಯ ಮೇಲ್ಮನವಿಗೆ ಹೋಯಿತು. ಸೂಚಕ ಮತ್ತು ಮ್ಯಾಗಝೀನ್ ತಡೆಯ ವಿಷಯದಲ್ಲಿ ಮೇಲಿನ ಕೋರ್ಟು ಆ ಆಜ್ಞೆಯನ್ನು ಅಮಾನತಿನಲ್ಲಿಟ್ಟಿತು, ನಿಯಮ ಉಳಿಯಿತು. ಮೈಕ್ರೋಸ್ಟ್ಯಾಂಪಿಂಗ್ ವಿಷಯದಲ್ಲಿ ಮಾತ್ರ ಹಾಗೆ ಮಾಡಿ ಎಂದು ರಾಜ್ಯ ಕೇಳಲೇ ಇಲ್ಲ. ಹತ್ತು ವರ್ಷ ಬಾಗಿಲು ಮುಚ್ಚಿಟ್ಟ ಆ ನಿಯಮವನ್ನು ಉಳಿಸಿಕೊಳ್ಳಲು ಅವರಿಗೇ ಅವಸರವಿರಲಿಲ್ಲ ನೋಡಿ. ಕೆಲವು ಕಂಪನಿಗಳು ಕ್ಯಾಲಿಫೋರ್ನಿಯಾಕ್ಕೆಂದೇ ಸೂಚಕವನ್ನೂ ತಡೆಯನ್ನೂ ಸೇರಿಸಿದ ಆವೃತ್ತಿ ಮಾಡಿ ಕಳಿಸಿದವು. ಬಾಗಿಲಿನ ಒಂದು ರೆಕ್ಕೆ ತೆರೆಯಿತು. ಪರೀಕ್ಷೆ ಎನ್ನುವುದು ಪಾಸಾಗಲು ಸಾಧ್ಯವಿರುವಂಥದ್ದಾದರೆ ಕಂಪನಿಗಳೂ ಬಗ್ಗುತ್ತವೆ ಎಂದು ನಾನು ಮನೆಯಲ್ಲಿ ಭಾಷಣ ಬಿಗಿದೆ. ಗ್ಲಾಕ್‌ನ ಐದನೆಯದು ಬರಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಮತ್ತೊಂದಕ್ಕೆ ಸಹಿ ಹಾಕಿದರು. ಹಿಂದುಗಡೆ ಒಂದು ಸಣ್ಣ ಅಕ್ರಮ ತುಣುಕು ಸಿಕ್ಕಿಸಿದರೆ ಮಷೀನ್ ಗನ್ನಿನಂತೆ ಸುರಿಯುವ ಪಿಸ್ತೂಲುಗಳನ್ನು 2026ರ ಜುಲೈ 1ರಿಂದ ಅಂಗಡಿಯವರು ಮಾರುವಂತಿಲ್ಲ ಎನ್ನುವ ಕಾನೂನು. ಆ ತುಣುಕು ಬೀದಿಯಲ್ಲಿ ಮಾಡುತ್ತಿರುವ ಅನಾಹುತ ಸುಳ್ಳಲ್ಲ, ಸ್ಯಾಕ್ರಮೆಂಟೊದಲ್ಲಿ ಇರುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಾನೂನಿನ ಗುರಿ ಬಿದ್ದದ್ದು ನನ್ನ ಹತ್ತಿರ ಇರುವಂಥ ಹಳೆಯ ಗ್ಲಾಕ್‌ಗಳ ಮೇಲೆ. ಇಪ್ಪತ್ತು ವರ್ಷ ಸುರಕ್ಷಿತ ಪಟ್ಟಿಯಲ್ಲಿ ಕುಳಿತಿದ್ದು, ಹೊಸದನ್ನು ಒಳಗೆ ಬಿಡದೆ ಕಾಪಾಡಿಕೊಂಡು ಬಂದದ್ದು ಇದನ್ನೇ.

ಹೋದ ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಹೇಳಿದೆ. ಅವರು ಗಾಬರಿಯಾದರು.

"ಹಾಗಾದ್ರೆ ನಿಂದನ್ನ ಠಾಣೆಗೆ ಕೊಟ್ಟು ಬರಬೇಕಾ?"

"ಇಲ್ಲಪ್ಪ. ಇದ್ದವರದ್ದು ಇರತ್ತೆ. ಹೊಸದಾಗಿ ಅಂಗಡೀಲಿ ಸಿಗಲ್ಲ, ಅಷ್ಟೇ."

"ರಸೀದಿ ಇಟ್ಕೊಂಡಿದ್ದೀಯಲ್ಲ?"

"ಇಟ್ಕೊಂಡಿದ್ದೀನಿ."

"ಮತ್ತೆಂತಕ್ಕೆ ಚಿಂತೆ. ಅಲ್ಲಾ, ಪಾಪು ಯಾವ ಕೈಯಲ್ಲಿ ಬರೀತಾಳೆ ಅಂದಿ?"

"ಎಡಗೈ, ಅಪ್ಪ."

ಆ ಕಡೆಯಿಂದ ಸ್ವಲ್ಪ ಹೊತ್ತು ಅಡಿಕೆ ಸುಲಿಯುವವರ ಮಾತು ಮಾತ್ರ ಕೇಳಿಸಿತು. ಆಮೇಲೆ ಅಪ್ಪ, "ನಿನ್ನಜ್ಜಿ ಇರಬೇಕಿತ್ತು" ಎಂದು ನಕ್ಕು ಫೋನ್ ಅಮ್ಮನಿಗೆ ಕೊಟ್ಟರು.